ನಿಂಬೆಹಣ್ಣು ಎತ್ತುವ ಎಂಜಿನ್

ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಸ್ಟರ್ಲಿಂಗ್ ಎಂಜಿನ್, ಅಂದರೆ ಒಳಗಿನ ಗಾಳಿ ಬಿಸಿಯಾಗಿ ತಣ್ಣಗಾಗುವುದರಿಂದಲೇ ಓಡುವ ಯಂತ್ರ; ಅದರ ಕೆಳಗೊಂದು ಸ್ಪಿರಿಟ್ ದೀಪ. ದೀಪ ಹಚ್ಚಿ ಒಂದು ನಿಮಿಷ ಕಾದು ಫ್ಲೈವ್ಹೀಲ್ ಎಂಬ ಭಾರದ ಚಕ್ರವನ್ನು ಬೆರಳಿನಿಂದ ತಿರುಗಿಸಿದರೆ ಅದು ತಾನಾಗಿ ಓಡಬೇಕು. ಮನೆಯ ಲೇತಿನಲ್ಲಿ (ಲೋಹವನ್ನು ತಿರುಗಿಸಿ ಕಡಿಯುವ ಯಂತ್ರದಲ್ಲಿ) ಮೊದಲ ಸಲ ಮಾಡಿದ ಎಂಜಿನ್ ಸಾಮಾನ್ಯವಾಗಿ ಓಡುವುದಿಲ್ಲ. ನಾಲ್ಕು ಸುತ್ತು ಹಾಕಿ ನಿಂತುಬಿಡುತ್ತದೆ. ಆಗ ಹೆಚ್ಚಿನವರು ಮಾಡುವ ಕೆಲಸ ಬತ್ತಿ ಏರಿಸುವುದು. ಅದರಿಂದ ಪ್ರಯೋಜನವಿಲ್ಲ. ಈ ಎಂಜಿನ್ನಿಗೆ ಬೆಂಕಿಯ ಕೊರತೆ ಇರುವುದೇ ಇಲ್ಲ.

ಲೆಕ್ಕ ನೋಡಿ. ಒಂದು ಮಿ.ಲೀ. ಸ್ಪಿರಿಟ್ ಉರಿದರೆ ಸುಮಾರು 21 ಕಿಲೋಜೂಲ್ ಶಾಖ. ಅರ್ಧ ಗಂಟೆಗೆ 10 ಮಿ.ಲೀ. ಕುಡಿಯುವ ದೀಪ ಎಂದರೆ ಹೆಚ್ಚುಕಡಿಮೆ 117 ವ್ಯಾಟ್. ಇನ್ನು ಎಂಜಿನ್ ಕೊಡುವುದೆಷ್ಟು? ಇದಕ್ಕೆ ಅಮೆರಿಕದ ವಿಲಿಯಂ ಬೀಲ್ ಕಂಡುಕೊಂಡ ಒಂದು ಒರಟು ಸೂತ್ರವಿದೆ: ಒಳಗಿನ ಸರಾಸರಿ ಒತ್ತಡ, ಪಿಸ್ಟನ್ ಒಂದು ಸಲಕ್ಕೆ ಗುಡಿಸುವ ಗಾತ್ರ, ಸೆಕೆಂಡಿಗೆ ಸುತ್ತುಗಳ ಸಂಖ್ಯೆ, ಈ ಮೂರರ ಗುಣಲಬ್ಧವನ್ನು 0.15ರಿಂದ ಗುಣಿಸಬೇಕು. 16 ಮಿ.ಮೀ. ವ್ಯಾಸದ, 15 ಮಿ.ಮೀ. ಸ್ಟ್ರೋಕಿನ (ಒಂದು ಸಲಕ್ಕೆ ಸರಿಯುವ ದೂರದ) ಪಿಸ್ಟನ್ ಗುಡಿಸುವುದು 3 ಸಿಸಿ. ವಾತಾವರಣದ ಒತ್ತಡದಲ್ಲಿ, ನಿಮಿಷಕ್ಕೆ 600 ಸುತ್ತಿನಲ್ಲಿ 0.45 ವ್ಯಾಟ್ ಬರುತ್ತದೆ. ಅಂದರೆ ಒಂದು ಸುತ್ತಿಗೆ 0.045 ಜೂಲ್, ಒಂದು ನಿಂಬೆಹಣ್ಣನ್ನು ಅರ್ಧ ಗೇಣು ಮೇಲೆತ್ತುವಷ್ಟು ಕೆಲಸ. ಅದೂ ಚೆನ್ನಾಗಿ ಮಾಡಿದ ಎಂಜಿನ್ನಿನ ಲೆಕ್ಕ. ಮೊದಲ ಪ್ರಯತ್ನದಲ್ಲಿ ಇದರ ಅರ್ಧ ಸಿಕ್ಕರೆ ಪುಣ್ಯ. ಬೇರಿಂಗು, ಬುಷ್, ಪಿಸ್ಟನ್ ಎಲ್ಲವೂ ತಿಂದು ಉಳಿಸಬೇಕಾದದ್ದು ಈ ನಿಂಬೆಹಣ್ಣಿನಲ್ಲೇ.

ಸ್ಕಾಟ್ಲೆಂಡಿನ ಪಾದ್ರಿ ರಾಬರ್ಟ್ ಸ್ಟರ್ಲಿಂಗ್ 1816ರಲ್ಲಿ ಪೇಟೆಂಟ್ ಪಡೆದ ಯಂತ್ರ ಇದು. ಬಾಯ್ಲರ್ ಇಲ್ಲ, ವಾಲ್ವ್ ಇಲ್ಲ. ಒಳಗಿರುವುದು ಒಂದೇ ಹಿಡಿ ಗಾಳಿ. ಡಿಸ್‌ಪ್ಲೇಸರ್ ಎಂಬ ಹಗುರ ಡಬ್ಬಿ ಅದನ್ನು ಬಿಸಿ ತುದಿಗೂ ತಣ್ಣನೆ ತುದಿಗೂ ಅಟ್ಟಾಡಿಸುತ್ತದೆ. ಗಾಳಿ ಬಿಸಿ ತುದಿಗೆ ಹೋದಾಗ ಹಿಗ್ಗಿ ಪಿಸ್ಟನ್ನನ್ನು ನೂಕುತ್ತದೆ, ತಣ್ಣನೆ ತುದಿಗೆ ಬಂದಾಗ ಕುಗ್ಗಿ ಎಳೆದುಕೊಳ್ಳುತ್ತದೆ. ಡಿಸ್‌ಪ್ಲೇಸರ್ ಪಿಸ್ಟನ್ನಿಗಿಂತ 90 ಡಿಗ್ರಿ, ಅಂದರೆ ಕಾಲು ಸುತ್ತು, ಮುಂದಿರಬೇಕು. ಜೋಡಿಸುವಾಗ 90 ಡಿಗ್ರಿ ಹಿಂದೆ ಕೂರಿಸಿದರೂ ಚಿಂತೆಯಿಲ್ಲ, ಎಂಜಿನ್ ಉಲ್ಟಾ ಓಡುತ್ತದೆ, ಅಷ್ಟೇ.

ಶ್ರಮ ಸುರಿಯಬೇಕಾದ ಜಾಗ ಪಿಸ್ಟನ್ ಮತ್ತು ಸಿಲಿಂಡರ್. ಎರಡಕ್ಕೂ ಬೀಡು ಕಬ್ಬಿಣವೇ ಸರಿ. ಅದರೊಳಗೇ ಗ್ರಾಫೈಟ್ ಇರುವುದರಿಂದ ಎಣ್ಣೆಯಿಲ್ಲದೆ ಜಾರುತ್ತದೆ. ಕಡಿಯುವಾಗ ಕಪ್ಪು ಪುಡಿ ಉದುರುತ್ತದೆ, ಲೇತಿನ ಬೆಡ್ ಮೇಲೆ ಹಳೇ ಪೇಪರ್ ಹಾಸಿಕೊಳ್ಳಿ. ಮೊದಲು ಸಿಲಿಂಡರಿನ ತೂತು ಮುಗಿಯಬೇಕು, ಆಮೇಲೆ ಅದಕ್ಕೆ ತಕ್ಕ ಪಿಸ್ಟನ್. ಯಾಕೆಂದರೆ ಹೊರಮೈಯಿಂದ ಒಂದು ಕೂದಲೆಳೆ ತೆಗೆಯುವುದು ಸುಲಭ, ಒಳಮೈಯನ್ನು ಅಳತೆಗೆ ತರುವುದು ಕಷ್ಟ. 15 ಮಿ.ಮೀ. ಡ್ರಿಲ್ ಹಾಯಿಸಿ, ತೂತನ್ನು ಅಗಲಿಸುವ ಬೋರಿಂಗ್ ಟೂಲಿನಿಂದ 15.9ಕ್ಕೆ ತಂದು, ಕೊನೆಯ ಅಳತೆ ಕೊಡುವ 16ರ ರೀಮರನ್ನು ನಿಧಾನ ವೇಗದಲ್ಲಿ ಬಿಡಬೇಕು. ಡ್ರಿಲ್ ಆದ ಮೇಲೆ ನೇರ ರೀಮರ್ ಹಾಕಿದರೆ ಡ್ರಿಲ್ ಹೋದ ಸೊಟ್ಟ ದಾರಿಯನ್ನೇ ಅದೂ ಹಿಡಿಯುತ್ತದೆ.

ಇಲ್ಲೊಂದು ಮೋಸವಿದೆ. ಹೊರಮೈಯನ್ನು ಮೊದಲೇ ತೆಳುವಾಗಿ ತಿರುವಿ, ಮೂರು ಜಾಗಳಿಂದ (ದವಡೆಗಳಿಂದ) ಕಚ್ಚಿ ಹಿಡಿಯುವ ತ್ರೀ-ಜಾ ಚಕ್ಕಿನಲ್ಲಿ ಬಿಗಿದು ಒಳಗೆ ಬೋರ್ ಮಾಡಿದರೆ, ಮೂರು ಜಾ ಒತ್ತಿದ ಕಡೆ ಗೋಡೆ ಒಳಕ್ಕೆ ಬಾಗಿರುತ್ತದೆ. ಆ ಸ್ಥಿತಿಯಲ್ಲಿ ತೂತು ದುಂಡಗೆ ಕಡಿಯುತ್ತದೆ. ಚಕ್ ಸಡಿಲಿಸಿದ ಕೂಡಲೇ ಗೋಡೆ ಹಿಂದಕ್ಕೆ ಚಿಮ್ಮಿ ತೂತು ಮೂರು ಉಬ್ಬಿನ ಆಕಾರ ತಾಳುತ್ತದೆ. ಎದುರುಬದುರು ಎರಡು ಬಿಂದು ಹಿಡಿದು ಅಳೆಯುವ ಗೇಜಿಗೆ ಇದು ಗೊತ್ತೇ ಆಗುವುದಿಲ್ಲ. ಒಂದು ಉಬ್ಬಿನ ಎದುರಿಗೆ ಯಾವಾಗಲೂ ಒಂದು ತಗ್ಗು ಬರುವುದರಿಂದ ಎಲ್ಲಿ ಹಿಡಿದರೂ ಅಳತೆ ಒಂದೇ. ಆದ್ದರಿಂದ ದಪ್ಪ ಸರಳಿನಲ್ಲಿರುವಾಗಲೇ ತೂತು ಮುಗಿಸಿ, ಹೊರಮೈ ಆಮೇಲೆ ತೆಗೆಯಿರಿ.

ಪಿಸ್ಟನ್ 22 ಮಿ.ಮೀ. ಉದ್ದವಿರಲಿ, ಗಿಡ್ಡವಾದರೆ ಓರೆಯಾಗಿ ಕಚ್ಚಿಕೊಳ್ಳುತ್ತದೆ. ಟೂಲಿನಿಂದ 0.02 ಮಿ.ಮೀ. ದಪ್ಪ ಬಿಟ್ಟು, ಉಳಿದದ್ದನ್ನು ಹಿತ್ತಾಳೆಯ ಸೀಳು ಉಂಗುರಕ್ಕೆ ಲೋಹ ಉಜ್ಜುವ ನುಣುಪು ಪೇಸ್ಟ್ ಹಚ್ಚಿ ಉಜ್ಜಿ ತೆಗೆಯಬೇಕು. ಪಿಸ್ಟನ್ನನ್ನೇ ಪೇಸ್ಟ್ ಹಚ್ಚಿ ಸಿಲಿಂಡರಿಗೆ ತುರುಕಿ ಉಜ್ಜುವುದು ಬೇಡ. ಬಾಯಿಯ ಹತ್ತಿರ ತೂತು ಗಂಟೆಯಂತೆ ಅಗಲವಾಗುತ್ತದೆ. ವ್ಯಾಸದಲ್ಲಿ 0.01 ಮಿ.ಮೀ. ವ್ಯತ್ಯಾಸ ಗುರಿ. ಈ ಸಂದು ಎರಡರಷ್ಟಾದರೆ ಸೋರಿಕೆ ಎಂಟರಷ್ಟಾಗುತ್ತದೆ, ಸೋರುವ ಗಾಳಿ ಸಂದಿನ ಘನಕ್ಕೆ ಅನುಗುಣವಾಗಿರುವುದರಿಂದ. ಅಳತೆಗಿಂತ ಒಳ್ಳೆಯ ಪರೀಕ್ಷೆ ಹೆಬ್ಬೆರಳಿನದು. ಸಿಲಿಂಡರಿನ ಕೆಳಬಾಯಿ ಮುಚ್ಚಿ ಒಣ ಪಿಸ್ಟನ್ ಬಿಟ್ಟರೆ ಅದು ಗಾಳಿಯ ಮೇಲೆ ಕೂತಂತೆ ಮೆಲ್ಲಗೆ ಇಳಿಯಬೇಕು. ಹೆಬ್ಬೆರಳು ತೆಗೆದೊಡನೆ ತಟ್ಟನೆ ಬೀಳಬೇಕು. ಒಂದಾಗಿ ಇನ್ನೊಂದು ಆಗದಿದ್ದರೆ ಕೆಲಸ ಬಾಕಿ ಇದೆ.

ಬೇರಿಂಗ್ ವಿಷಯ ಚಿಕ್ಕದು. 3 ಮಿ.ಮೀ. ಶಾಫ್ಟಿಗೆ 623 ನಂಬರಿನವು ಸಾಕು. ರಬ್ಬರ್ ಸೀಲ್ ಕಿತ್ತು, ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ. ಕೊಬ್ಬರಿ ಎಣ್ಣೆ ಮಾತ್ರ ದಯವಿಟ್ಟು ಬೇಡ, ಚಳಿಗೆ ಹೆಪ್ಪುಗಟ್ಟುತ್ತದೆ.

ಬಿಸಿ ತುದಿಯ ಕೊಳವೆಗೆ ಹಲವರು ತಾಮ್ರ ಹುಡುಕುತ್ತಾರೆ, ಶಾಖ ಚೆನ್ನಾಗಿ ಹರಿಯುತ್ತದಲ್ಲ ಎಂದು. ಹರಿಯುವುದೇ ತೊಂದರೆ. 22 ಮಿ.ಮೀ. ಒಳವ್ಯಾಸ, ಅರ್ಧ ಮಿ.ಮೀ. ಗೋಡೆ, 30 ಮಿ.ಮೀ. ಉದ್ದ, ಎರಡು ತುದಿಗೆ 250 ಡಿಗ್ರಿ ಅಂತರ ಎಂದಿಟ್ಟುಕೊಳ್ಳಿ. ತಾಮ್ರದ ಗೋಡೆಯಲ್ಲಿ 117 ವ್ಯಾಟ್ ತಣ್ಣನೆ ತುದಿಗೆ ಹರಿಯಬೇಕು, ಅಂದರೆ ದೀಪದ ಇಡೀ ಶಾಖ! ದೀಪ ಅಷ್ಟು ಒದಗಿಸಲಾರದ ಕಾರಣ ಆ ಅಂತರವೇ ಹುಟ್ಟುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಹರಿಯುವುದು 5 ವ್ಯಾಟಿಗೂ ಕಡಿಮೆ. ರಾಬರ್ಟ್ ಸ್ಟರ್ಲಿಂಗ್ ಮತ್ತು ಅವರ ತಮ್ಮ ಜೇಮ್ಸ್‌ಗೆ ಇಂಥ ಲೋಹ ಇರಲಿಲ್ಲ. ಡಂಡೀ ಫೌಂಡ್ರಿಯಲ್ಲಿ 1843ರಿಂದ ಓಡಿದ ಅವರ ದೊಡ್ಡ ಎಂಜಿನ್ನಿನ ಬಿಸಿ ಸಿಲಿಂಡರು ಮತ್ತೆ ಮತ್ತೆ ಕೈಕೊಟ್ಟು, 1847ರಲ್ಲಿ ಅದನ್ನು ಕೈಬಿಡಬೇಕಾಯಿತು.

ಡಿಸ್‌ಪ್ಲೇಸರಿನ ವ್ಯಾಸ 21 ಮಿ.ಮೀ., ಸುತ್ತಲೂ ಅರ್ಧ ಮಿ.ಮೀ. ಸಂದು. ಇದು ಪಿಸ್ಟನ್ ಅಲ್ಲ, ಎಲ್ಲೂ ಉಜ್ಜಬಾರದು. ಉದ್ದ ಸ್ಟ್ರೋಕಿನ ಮೂರು ಪಟ್ಟು, 45 ಮಿ.ಮೀ. ಮುಚ್ಚಳವನ್ನು ಬೆಳ್ಳಿ ಬೆಸುಗೆಯಿಂದಲೇ ಕೂರಿಸಬೇಕು, ಸೀಸದ ಸಾಲ್ಡರ್ 183 ಡಿಗ್ರಿಗೇ ಕರಗಿಹೋಗುತ್ತದೆ. ಮುಗಿದ ಮೇಲೆ ಬಿಸಿನೀರಿನಲ್ಲಿ ಮುಳುಗಿಸಿ ನೋಡಿ. ಎಲ್ಲಿ ಗುಳ್ಳೆ ಏಳುತ್ತದೋ ಅಲ್ಲಿ ತೂತಿದೆ.

ಇಷ್ಟೆಲ್ಲ ಆದ ಮೇಲೂ ಒಂದು ಕಾಯಿಲೆ ಬರಬಹುದು: ಎಂಜಿನ್ ಚೆನ್ನಾಗಿ ಶುರುವಾಗುತ್ತದೆ, ಎರಡು ಮೂರು ನಿಮಿಷಕ್ಕೆ ನಿಲ್ಲುತ್ತದೆ, ತಣ್ಣಗಾದ ಮೇಲೆ ಮತ್ತೆ ಓಡುತ್ತದೆ. ನಿಂತ ತಕ್ಷಣ ಫ್ಲೈವ್ಹೀಲನ್ನು ಕೈಯಿಂದ ತಿರುಗಿಸಿ. ಬಿಗಿಯಾಗಿದ್ದರೆ ಪಿಸ್ಟನ್ ಹಿಗ್ಗಿ ಕಚ್ಚಿದೆ. ಬೀಡಿನ ಸಿಲಿಂಡರಿಗೆ ಅಲ್ಯುಮಿನಿಯಂ ಪಿಸ್ಟನ್ ಹಾಕಿದವರಿಗೆ ಇದು ಖಾತ್ರಿ: 40 ಡಿಗ್ರಿ ಬಿಸಿ ಏರಿದರೆ ಪಿಸ್ಟನ್ 0.015 ಮಿ.ಮೀ. ಬೆಳೆಯುತ್ತದೆ, ಸಿಲಿಂಡರ್ 0.007 ಮಾತ್ರ, ಇದ್ದ 0.01ರಲ್ಲಿ ಉಳಿಯುವುದು 0.002. ಸಲೀಸಾಗಿ ತಿರುಗಿದರೆ ಪಿಸ್ಟನ್ನಿನ ತಪ್ಪಿಲ್ಲ, ತಣ್ಣನೆ ತುದಿ ತಣ್ಣಗಿಲ್ಲ. ಆ ತುದಿಯ ಶಾಖ ಹೊರಬಿಡುವ ಲೋಹದ ರೆಕ್ಕೆಗಳ ಮೇಲೆ ಒದ್ದೆ ಬಟ್ಟೆ ಸುತ್ತಿ ಮತ್ತೆ ತಿರುಗಿಸಿ. ಓಡಿದರೆ, ಅಲ್ಯುಮಿನಿಯಂ ರೆಕ್ಕೆಗಳನ್ನು ಇನ್ನಷ್ಟು ಅಗಲ ಮಾಡಿ, ಬತ್ತಿ ಇಳಿಸಿ.