1.3 ಮಲ್ಟಿಜೆಟ್: ಎಲ್ಲರ ಬಾನೆಟ್ ಕೆಳಗಿದ್ದ ಇಂಜಿನ್

ಸ್ವಿಫ್ಟ್ ಡೀಸೆಲ್ ಓಡಿಸಿದವರನ್ನು ಕೇಳಿದರೆ ಇಂಜಿನ್ ಮಾರುತಿಯದ್ದು ಅಂತ ಹೇಳುತ್ತಾರೆ. ಇಂಡಿಕಾ ವಿಸ್ಟಾ ಕ್ವಾಡ್ರಾಜೆಟ್ ಇಟ್ಟುಕೊಂಡವರಿಗೆ ಅದು ಟಾಟಾದ್ದು. ಅಸಲಿಗೆ ಎರಡೂ ಒಂದೇ, ಫಿಯೆಟ್‌ನ 1248 ಸಿಸಿ ಮಲ್ಟಿಜೆಟ್. ಡಿಜೈರ್, ರಿಟ್ಜ್, ಎರ್ಟಿಗಾ, ಸಿಯಾಜ್, ಬ್ರೆಝಾ, ಮಾಂಜಾ, ಝೆಸ್ಟ್, ಪುಂಟೊ, ಲೀನಿಯಾ, ಷೆವರ್ಲೆ ಸೇಲ್, ಎಲ್ಲದರಲ್ಲೂ ಇದೇ ಕೂತಿತ್ತು. ಇದನ್ನು ಭಾರತದ 'ರಾಷ್ಟ್ರೀಯ ಡೀಸೆಲ್ ಇಂಜಿನ್' ಅಂತ ಕರೆಯುತ್ತಿದ್ದದ್ದು ಸುಮ್ನೆ ಅಲ್ಲ.

ಆದರೂ ಇದರ ಬಾಳಿಕೆ ಬಗ್ಗೆ ಎರಡು ಮಾತಿದೆ. ಲಕ್ಷಗಟ್ಟಲೆ ಕಿಲೋಮೀಟರ್ ಓಡಿದರೂ ಇಂಜಿನ್ ಮುಟ್ಟಿಲ್ಲ ಅನ್ನುವವರಿದ್ದಾರೆ. ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಟೈಮಿಂಗ್ ಚೈನ್ ಕೈಕೊಟ್ಟು ಇಂಜಿನ್ ಹೆಡ್ ಬಿಚ್ಚಿಸಿದವರೂ ಇದ್ದಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅವರ ನಡುವಿನ ವ್ಯತ್ಯಾಸ ಬಹುಪಾಲು ಆಯಿಲ್‌ನದು.

ಕಥೆ ಶುರುವಾಗುವುದು ಫಿಯೆಟ್‌ನ ತವರು ಇಟಲಿಯಲ್ಲಿ. ಹಳೆಯ ಡೀಸೆಲ್ ಕಾರುಗಳಲ್ಲಿ ಪಂಪ್ ತಿರುಗಿದಂತೆ ಇಂಧನ ಹೋಗುತ್ತಿತ್ತು, ಒತ್ತಡ ಇಂಜಿನ್ ವೇಗವನ್ನು ನೆಚ್ಚಿಕೊಂಡಿತ್ತು. ಕಾಮನ್ ರೈಲ್ ಅನ್ನುವ ಹೊಸ ವ್ಯವಸ್ಥೆಯಲ್ಲಿ ಹಾಗಿಲ್ಲ. ಎಲ್ಲ ಸಿಲಿಂಡರ್‌ಗೂ ಸೇರಿ ಒಂದೇ ಕೊಳವೆ, ಅದರಲ್ಲಿ ಯಾವಾಗಲೂ ಭಾರೀ ಒತ್ತಡ. ಇಂಜೆಕ್ಟರ್ ಯಾವಾಗ ತೆರೆಯಬೇಕು ಅಂತ ಕಂಪ್ಯೂಟರ್ ಹೇಳುತ್ತದೆ. ಫಿಯೆಟ್ ಗುಂಪು ಇದನ್ನು ಕಾರಿಗೆ ಒಗ್ಗಿಸುವ ಕೆಲಸ ಮಾಡಿ, 1990ರ ದಶಕದ ನಡುವೆ ಬಾಷ್‌ಗೆ ಮಾರಿತು. ನಮ್ಮ ಬೆಂಗಳೂರಿನ ಆಡುಗೋಡಿಯಲ್ಲಿದ್ದ ಮೈಕೋ ಕಾರ್ಖಾನೆ ಗೊತ್ತಲ್ಲ, ಅದರ ತಾಯಿ ಕಂಪನಿಯೇ ಈ ಬಾಷ್. 1997ರಲ್ಲಿ ಆಲ್ಫಾ ರೋಮಿಯೊ 156 ಜೆಟಿಡಿ ಕಾಮನ್ ರೈಲ್ ಇಟ್ಟುಕೊಂಡು ಬಂತು. ಕಷ್ಟಪಟ್ಟು ಬೆಳೆಸಿದ್ದನ್ನು ಕೈಬಿಟ್ಟ ಫಿಯೆಟ್ ಬಗ್ಗೆ ಈಗಲೂ ಅಯ್ಯೋ ಅನಿಸುತ್ತದೆ.

ಮುಂದಿನ ಹೆಜ್ಜೆ ಮಲ್ಟಿಜೆಟ್. ಮೊದಲ ಪೀಳಿಗೆಯಲ್ಲಿ ಪ್ರತಿ ಸುತ್ತಿನಲ್ಲೂ ಎರಡು ಸಲ ಇಂಧನ ಚಿಮ್ಮುತ್ತಿತ್ತು: ಮೊದಲು ಒಂದು ಚಿಟಿಕೆ, ಆಮೇಲೆ ಉಳಿದದ್ದು. ಮಲ್ಟಿಜೆಟ್‌ನಲ್ಲಿ ಅದು ಐದರವರೆಗೆ ಹೋಯಿತು. ಒಮ್ಮೆಲೇ ಸುರಿಯದೆ ಕಂತುಕಂತಾಗಿ ಉರಿಸುವುದರಿಂದ ಡೀಸೆಲ್‌ನ ಕಟಕಟ ಸದ್ದು ತಗ್ಗುತ್ತದೆ, ಹೊಗೆಯೂ ಕಡಿಮೆ. 2003ರಲ್ಲಿ, ಫಿಯೆಟ್ ಮತ್ತು ಜನರಲ್ ಮೋಟಾರ್ಸ್ ಜೊತೆಯಾಗಿದ್ದ ಕಾಲದಲ್ಲಿ, ಇದನ್ನು 1.3 ಲೀಟರ್‌ನ ಪುಟ್ಟ ಇಂಜಿನ್‌ಗೆ ಅಳವಡಿಸಿದರು. ಪೋಲೆಂಡಿನ ಬಿಯೆಲ್ಸ್ಕೊ-ಬ್ಯಾವಾದಲ್ಲಿ ತಯಾರಿಕೆ. 2005ರಲ್ಲಿ 1 ರಿಂದ 1.4 ಲೀಟರ್ ವರ್ಗದ 'ವರ್ಷದ ಅಂತಾರಾಷ್ಟ್ರೀಯ ಇಂಜಿನ್' ಪ್ರಶಸ್ತಿ ಬಂತು.

ಅಂಕಿಗಳನ್ನು ಬೇಗ ಮುಗಿಸೋಣ. ನಾಲ್ಕು ಸಿಲಿಂಡರ್, 16 ವಾಲ್ವ್, ಬೋರ್ 69.6 ಮಿಮೀ, ಸ್ಟ್ರೋಕ್ 82 ಮಿಮೀ, ತೂಕ ಸುಮಾರು 130 ಕೆಜಿ. ಮೊದಲು 70 ಪಿಎಸ್ (ಅಶ್ವಶಕ್ತಿ). ಭಾರತಕ್ಕೆ ಬಂದಾಗ 75 ಪಿಎಸ್, 190 ನ್ಯೂಟನ್ ಮೀಟರ್ ಟಾರ್ಕ್. ಬ್ಲೇಡ್‌ಗಳ ಕೋನ ಬದಲಾಗುವ ಟರ್ಬೊ ಹಾಕಿದ ಆವೃತ್ತಿಗೆ 90 ಪಿಎಸ್, 200 ನ್ಯೂಟನ್ ಮೀಟರ್.

2007ರ ಜನವರಿಯಲ್ಲಿ ಸ್ವಿಫ್ಟ್ ಡೀಸೆಲ್ ಬಂತು. ಮಾರುತಿಗಾಗಿ ಮಾನೇಸರದಲ್ಲಿ, ಫಿಯೆಟ್ ಮತ್ತು ಟಾಟಾ ಕಾರುಗಳಿಗಾಗಿ ಪುಣೆ ಬಳಿಯ ರಂಜನಗಾಂವ್‌ನಲ್ಲಿ ಇಂಜಿನ್ ತಯಾರಾಗುತ್ತಿತ್ತು. ಇದಕ್ಕೆ ದೊಡ್ಡ ತಳ್ಳು ಕೊಟ್ಟದ್ದು ಸರ್ಕಾರದ ಬೆಲೆ ನೀತಿ. 2010ರ ಜೂನ್‌ನಲ್ಲಿ ಪೆಟ್ರೋಲ್ ಬೆಲೆಯ ಮೇಲಿನ ಹಿಡಿತ ಬಿಟ್ಟರು, ಡೀಸೆಲ್‌ಗೆ ಸಬ್ಸಿಡಿ ಉಳಿಯಿತು. 2012ರ ಮೇ ತಿಂಗಳಲ್ಲಿ ಪೆಟ್ರೋಲ್ ಒಂದೇ ಏಟಿಗೆ ಲೀಟರಿಗೆ ಏಳೂವರೆ ರೂಪಾಯಿ ಏರಿತು. ಜನ ಡೀಸೆಲ್ ಕಾರಿಗೆ ಮುಗಿಬಿದ್ದರು, ಬುಕ್ ಮಾಡಿ ತಿಂಗಳುಗಟ್ಟಲೆ ಕಾಯಬೇಕಿತ್ತು. ಆ ವರ್ಷದ ಜನವರಿಯಲ್ಲೇ ಮಾರುತಿ, ವರ್ಷಕ್ಕೆ ಒಂದು ಲಕ್ಷದಷ್ಟು ಇಂಜಿನ್ ಕೊಡುವಂತೆ ಫಿಯೆಟ್ ಜೊತೆ ಒಪ್ಪಂದ ಮಾಡಿಕೊಂಡಿತ್ತು. ಫಿಯೆಟ್‌ನ ಸ್ವಂತ ಕಾರುಗಳು ಶೋರೂಮಲ್ಲೇ ನಿಂತಿದ್ದವು, ಅದರ ಇಂಜಿನ್ ಮಾತ್ರ ಊರೆಲ್ಲ ಓಡಾಡುತ್ತಿತ್ತು. ಬೆಂಗಳೂರಿನ ಹಳದಿ ಬೋರ್ಡ್ ಡಿಜೈರ್‌ಗಳಲ್ಲಿ ಇದು ದಿನವಿಡೀ ದುಡಿಯಿತು.

ಈಗ ಚೈನ್ ವಿಷಯ. ಈ ಇಂಜಿನ್‌ನಲ್ಲಿ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಬೆಲ್ಟ್ ಆದರೆ ಇಷ್ಟು ಕಿಲೋಮೀಟರಿಗೆ ಬದಲಿಸಿ ಅಂತ ಪುಸ್ತಕದಲ್ಲಿ ಬರೆದಿರುತ್ತದೆ. ಚೈನ್‌ಗೆ ಅಂಥ ಗಡುವಿಲ್ಲ, ಹಾಗಾಗಿ ಅದನ್ನು ಎಲ್ಲರೂ ಮರೆತರು. ಆದರೆ ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಕೆಲಸ ಮಾಡುವುದು ಆಯಿಲ್ ಒತ್ತಡದಿಂದ. ಸಂಪ್ ಚಿಕ್ಕದು, ಹಿಡಿಯುವ ಆಯಿಲ್ ಸುಮಾರು ಮೂರು ಲೀಟರ್. ಅದರಲ್ಲಿ ಒಂದು ಲೀಟರ್ ಕಡಿಮೆಯಾದರೆ ಮೂರರಲ್ಲಿ ಒಂದು ಪಾಲೇ ಹೋದಂತೆ. ಆಯಿಲ್ ಮಸಿಗಟ್ಟಿದರೆ ಟೆನ್ಷನರ್ ಸಡಿಲ, ಚೈನ್ ಸವೆದು ಉದ್ದವಾಗುತ್ತದೆ. ಚೈನ್ ಹಲ್ಲಿನಿಂದ ಜಾರಿದರೆ ಪಿಸ್ಟನ್ ವಾಲ್ವ್‌ಗೆ ಬಡಿದು, ವಾಲ್ವ್‌ಗಳನ್ನು ಒತ್ತುವ ರಾಕರ್ ಆರ್ಮ್‌ಗಳು ಮುರಿಯುತ್ತವೆ.

ಯುರೋಪಿನಲ್ಲಿ ಓಪೆಲ್ ಕೋರ್ಸಾದಂಥ ಕಾರುಗಳಲ್ಲಿ ಈ ದೂರು ಜಾಸ್ತಿ ಕೇಳಿಬಂತು. ಅಲ್ಲಿ ಆಯಿಲ್ ಬದಲಿಸುವ ಅಂತರ 30,000 ಕಿಮೀವರೆಗೂ ಇತ್ತು. ಇಲ್ಲಿ ಮಾರುತಿ 10,000 ಕಿಮೀಗೆ ಬದಲಿಸಿ ಅಂದಿತು. ನನ್ನ ಮಟ್ಟಿಗೆ ನಮ್ಮ ಕಾರುಗಳನ್ನು ಉಳಿಸಿದ್ದು ಆ ಗಿಡ್ಡ ಅಂತರವೇ. ಖರ್ಚು ಉಳಿಸಲು ಅದನ್ನೂ ಎಳೆದವರ ಕಾರಿನಲ್ಲಿ ಬೆಳಗಿನ ಮೊದಲ ಸ್ಟಾರ್ಟ್‌ಗೆ ಗಲಗಲ ಸದ್ದು ಬರಲು ಶುರುವಾಗುತ್ತದೆ.

ಉಳಿದ ಕಿರಿಕಿರಿಗಳು ಸಣ್ಣವು. ಊರೊಳಗೇ ಓಡಿಸಿದರೆ, ಒಂದಷ್ಟು ಹೊಗೆಯನ್ನು ಇಂಜಿನ್‌ಗೆ ವಾಪಸ್ ಬಿಡುವ ಇಜಿಆರ್ ವಾಲ್ವ್‌ನಲ್ಲಿ ಮಸಿ ಕಟ್ಟುತ್ತದೆ. 2000 ಆರ್‌ಪಿಎಂ ಕೆಳಗೆ ಪಿಕಪ್ ಇಲ್ಲ, ಆಮೇಲೆ ಒಮ್ಮೆಲೇ ನುಗ್ಗುತ್ತದೆ. ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಹಾಫ್ ಕ್ಲಚ್‌ನಲ್ಲೇ ತೆವಳಿಸಿದವರಿಗೆ ಇದರ ಬೆಲೆ ಗೊತ್ತು.

ಇದನ್ನು ನಿಲ್ಲಿಸಿದ್ದು ಚೈನ್ ಅಲ್ಲ, ಹೊಗೆಯ ನಿಯಮ. 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಬೆಲೆಯೂ ಮುಕ್ತವಾಗಿ ಅರ್ಧ ಆಕರ್ಷಣೆ ಕರಗಿತ್ತು. 2020ರ ಏಪ್ರಿಲ್ 1ರಿಂದ ಬಿಎಸ್6 ಅನ್ನುವ ಬಿಗಿಯಾದ ಹೊಗೆ ನಿಯಮ ಬಂತು. ಯುರೋಪಿನಲ್ಲಿ ಇದೇ ಇಂಜಿನ್ ಅಲ್ಲಿನ ಹೊಗೆ ನಿಯಮವಾದ ಯುರೋ 6 ದಾಟಿ ಫಿಯೆಟ್ ಟಿಪೊದಲ್ಲಿ 95 ಪಿಎಸ್ ಕೊಡುತ್ತಿತ್ತು. ಅಂದರೆ ಆಗದ ಕೆಲಸ ಅಲ್ಲ. ಆದರೆ ಫಿಲ್ಟರ್, ಹೊಗೆ ಶುದ್ಧಿಯ ಉಪಕರಣಗಳ ಖರ್ಚನ್ನು ಸಣ್ಣ ಕಾರು ಹೊರಲಾರದು. ಫಿಯೆಟ್ ಇಲ್ಲಿ ಕೈಬಿಟ್ಟಿತು. ಡೀಸೆಲ್ ಕಾರೇ ಬೇಡ ಅಂತ ಮಾರುತಿ 2019ರ ಏಪ್ರಿಲ್‌ನಲ್ಲೇ ಹೇಳಿಬಿಟ್ಟಿತು.

ಈಗ ಸಿಗುವುದು ಸೆಕೆಂಡ್ ಹ್ಯಾಂಡ್ ಮಾತ್ರ. ನೋಡಲು ಹೋಗುವ ಮುಂಚೆ ಇಂಜಿನ್ ಬಿಸಿ ಮಾಡಬೇಡಿ ಅಂತ ಮಾರುವವರಿಗೆ ಹೇಳಿ. ತಣ್ಣಗಿರುವಾಗ ನೀವೇ ಸ್ಟಾರ್ಟ್ ಮಾಡಿ ಸದ್ದು ಕೇಳಿ. ಡಿಪ್‌ಸ್ಟಿಕ್ ಎಳೆದು ನೋಡಿ, ಆಯಿಲ್ ಬದಲಿಸಿದ ಬಿಲ್‌ಗಳನ್ನು ಕೇಳಿ. ಮೀಟರ್‌ನಲ್ಲಿ ಎಷ್ಟು ಓಡಿದೆ ಅನ್ನುವುದಕ್ಕಿಂತ ಆ ಬಿಲ್‌ಗಳೇ ಹೆಚ್ಚು ಹೇಳುತ್ತವೆ. 75 ಬೇಕೋ 90 ಬೇಕೋ ಅಂದರೆ, ಹೈವೇ ಓಡಾಟ ಜಾಸ್ತಿ ಇಲ್ಲದಿದ್ದರೆ ನಾನು 75ನ್ನೇ ಆರಿಸುತ್ತೇನೆ. ಅದರ ಟರ್ಬೊದಲ್ಲಿ ಮಸಿ ಕಟ್ಟಿ ಸಿಕ್ಕಿಕೊಳ್ಳುವ ಬ್ಲೇಡ್‌ಗಳಿಲ್ಲ.