ಟೆಲಿಫೋನ್ ರಿಲೇಗಳಿಂದ ಹುಟ್ಟಿದ ಕಂಪ್ಯೂಟರ್

ದೂರವಾಣಿ ವಿನಿಮಯ ಕೇಂದ್ರದಲ್ಲಿ ದುಡಿದವರಿಗೆ ರಿಲೇ ಎಂಬ ವಿದ್ಯುತ್ ಸ್ವಿಚ್ಚಿನ ಟಕಟಕ ಸದ್ದು ಚಿರಪರಿಚಿತ. ಸುರುಳಿಯಲ್ಲಿ ವಿದ್ಯುತ್ ಹರಿದೊಡನೆ ಎರಡು ಲೋಹದ ಮೊನೆಗಳು ಕೂಡುತ್ತವೆ, ನಿಂತೊಡನೆ ಅಗಲುತ್ತವೆ. ನಡುವೆ ಧೂಳಿನ ಕಣವೊಂದು ಕೂತರೆ ಸಾಕು, ಕರೆ ಕೆಟ್ಟಿತು. ತೆಳುವಾದ ಉಕ್ಕಿನ ಪಟ್ಟಿಯನ್ನು ಆ ಸಂದಿಯಲ್ಲಿ ಆಡಿಸಿ ಮೊನೆಗಳನ್ನು ಉಜ್ಜುತ್ತ ನಾನು ಕಳೆದ ರಾತ್ರಿಗಳಿಗೆ ಲೆಕ್ಕವಿಲ್ಲ. ಜಪಾನಿನ ಫುಜಿತ್ಸು ಕಂಪನಿಯ ಮೊದಲ ದಿನಗಳು ನನಗೆ ಆಪ್ತವಾಗಿರುವುದು ಇದೇ ಕಾರಣಕ್ಕೆ.

1923ರಲ್ಲಿ ಜಪಾನಿನ ಫುರುಕಾವಾ ಕಂಪನಿ ಮತ್ತು ಜರ್ಮನಿಯ ಸೀಮೆನ್ಸ್ ಕೂಡಿ ಫುಜಿ ಎಲೆಕ್ಟ್ರಿಕ್ ಕಟ್ಟಿದವು. ಫುರುಕಾವಾದ ‘ಫು’, ಸೀಮೆನ್ಸನ್ನು ಜಪಾನೀಯರು ಉಚ್ಚರಿಸುವ ರೀತಿಯಿಂದ ‘ಜಿ’. ಅದೇ ವರ್ಷದ ಸೆಪ್ಟೆಂಬರ್ 1ರ ಭೂಕಂಪ ಟೋಕಿಯೊ, ಯೊಕೊಹಾಮಾಗಳ ದೂರವಾಣಿ ಜಾಲವನ್ನು ಹಾಳುಗೆಡವಿತು. ಮರಳಿ ಕಟ್ಟುವಾಗ ಸರ್ಕಾರ ಸ್ವಯಂಚಾಲಿತ ಕೇಂದ್ರಗಳತ್ತ ಹೊರಳಿತು. ಯೊಕೊಹಾಮಾಕ್ಕೆ ಸೀಮೆನ್ಸ್ ಮಾದರಿ ಬಂತು. 1935ರ ಜೂನ್‌ನಲ್ಲಿ ಫುಜಿ ಎಲೆಕ್ಟ್ರಿಕ್ಕಿನ ದೂರವಾಣಿ ವಿಭಾಗ ಬೇರೆ ಕಂಪನಿಯಾಗಿ ಕವಲೊಡೆಯಿತು. ‘ಫುಜಿತ್ಸು’ ಎಂಬ ಚಿಕ್ಕ ಹೆಸರು ಅಧಿಕೃತವಾದದ್ದು 1967ರಲ್ಲಿ.

1946ರಲ್ಲಿ ಕೆಲಸಕ್ಕೆ ಸೇರಿದ ತೊಶಿಯೊ ಇಕೆದಾ ಎಂಬ ಯುವ ಎಂಜಿನಿಯರ್ ಕಂಪನಿಯ ದಿಕ್ಕನ್ನೇ ಕಂಪ್ಯೂಟರಿನತ್ತ ಬದಲಿಸಿದರು. ಕಂಪ್ಯೂಟರಿನಲ್ಲಿ ಸ್ವಿಚ್ಚಿನ ಕೆಲಸ ಮಾಡುತ್ತಿದ್ದ ಆಗಿನ ನಿರ್ವಾತ ಕೊಳವೆಗಳು ವೇಗದವು, ಆದರೆ ಮೇಲಿಂದ ಮೇಲೆ ಸುಟ್ಟುಹೋಗುತ್ತಿದ್ದವು. ರಿಲೇ ನಿಧಾನ, ಆದರೆ ಅದರ ಗುಣದೋಷಗಳೆಲ್ಲ ಕಂಪನಿಯವರಿಗೆ ಅಂಗೈರೇಖೆಯಷ್ಟು ಗೊತ್ತು. 1954ರಲ್ಲಿ ಫಾಕೊಮ್ 100 ಎಂಬ ರಿಲೇ ಕಂಪ್ಯೂಟರ್ ಸಿದ್ಧವಾಯಿತು. 1956ರಲ್ಲಿ ಫಾಕೊಮ್ 128 ಬಂತು.

ಈ 128ರ ಜಾಣತನವನ್ನು ನೋಡಬೇಕು. ಒಂದು ಅಂಕಿಗೆ ಏಳು ರಿಲೇ: 0 ಮತ್ತು 5ಕ್ಕೆ ಎರಡು, 0ಯಿಂದ 4ರವರೆಗೆ ಐದು. 7 ಎಂದರೆ ಮೊದಲ ಗುಂಪಿನಲ್ಲಿ 5, ಎರಡನೆಯದರಲ್ಲಿ 2. ಪ್ರತಿ ಗುಂಪಿನಲ್ಲೂ ಒಂದೇ ಒಂದು ರಿಲೇ ಸೆಳೆದಿರಬೇಕು, ಅಂದರೆ ಅದರ ಮೊನೆಗಳು ಕೂಡಿರಬೇಕು. ಯಾವುದೂ ಸೆಳೆಯದಿದ್ದರೆ ಅಥವಾ ಎರಡು ಸೆಳೆದರೆ ಎಲ್ಲೋ ಮೊನೆ ಕೈಕೊಟ್ಟಿದೆ ಎಂದು ಯಂತ್ರಕ್ಕೇ ತಿಳಿಯುತ್ತದೆ, ಅದು ಆ ಲೆಕ್ಕವನ್ನು ಮತ್ತೊಮ್ಮೆ ಮಾಡುತ್ತದೆ. ಮರುಪ್ರಯತ್ನದಲ್ಲಿ ಧೂಳು ಸರಿದು ಮೊನೆಗಳು ಸರಿಯಾಗಿ ಕೂಡುವುದುಂಟು. ಕೆಟ್ಟ ಕರೆ ಎರಡನೇ ಸಲಕ್ಕೆ ಸಿಗುವುದನ್ನು ಕಂಡ ಯಾವ ತಂತ್ರಜ್ಞನಿಗೂ ಇದು ಗೊತ್ತು. ಧೂಳು ಇದ್ದೇ ಇರುತ್ತದೆ ಎಂದು ಮೊದಲೇ ಒಪ್ಪಿಕೊಂಡು ಹೆಣೆದ ಈ ವಿನ್ಯಾಸಕ್ಕೆ ನಾನು ಮನಸಾರೆ ತಲೆಬಾಗುತ್ತೇನೆ.

ಮುಂದಿನ ಫಾಕೊಮ್ 128ಬಿ ಜಪಾನಿನ ವೈಎಸ್-11 ಪ್ರಯಾಣಿಕ ವಿಮಾನದ ವಿನ್ಯಾಸಕ್ಕೂ ಕ್ಯಾಮೆರಾ ಲೆನ್ಸುಗಳ ಲೆಕ್ಕಕ್ಕೂ ಬಳಕೆಯಾಯಿತು. ಅಂಥ ಒಂದು ಯಂತ್ರವನ್ನು ಜಪಾನಿನ ನುಮಾಜು ಊರಿನಲ್ಲಿ ಕಂಪನಿಯ ತಂತ್ರಜ್ಞರು ದಶಕಗಟ್ಟಲೆ ಜೋಪಾನ ಮಾಡಿ, ಬಂದವರ ಮುಂದೆ ಚಾಲೂ ಮಾಡಿ ತೋರಿಸಿದರು, ಅದೇ ಟಕಟಕ ಸದ್ದಿನೊಂದಿಗೆ.