ಲಸಿಕೆ ಹಾಕಿದ ಕೋಳಿಗಳ ನಡುವೆ ಹಕ್ಕಿಜ್ವರದ ವೈರಸ್ ಬದಲಾದ ಬಗೆ

ಶಿರಸಿ, ಸಿದ್ದಾಪುರದ ಕಡೆ ಅಂಗಳದಲ್ಲಿ ಹತ್ತಿಪ್ಪತ್ತು ಊರುಕೋಳಿ ಬಿಟ್ಟುಕೊಂಡವರಿರಲಿ, ಮುಂಡಗೋಡದ ಕಡೆ ಶೆಡ್ ಹಾಕಿ ಬ್ರಾಯ್ಲರ್ ಸಾಕುವವರಿರಲಿ, ಹಕ್ಕಿಜ್ವರದ ಸುದ್ದಿ ಬಂದಾಗ ಏಳುವ ಪ್ರಶ್ನೆ ಒಂದೇ: ಕೊಕ್ಕರೆ ರೋಗಕ್ಕೆ (ರಾಣಿಖೇತ್) ಲಸೋಟಾ ಎಂಬ ಲಸಿಕೆಯ ಹನಿ ಬಿಡುವ ಹಾಗೆ ಇದಕ್ಕೂ ಲಸಿಕೆ ಕೊಡಬಾರದೇಕೆ?

ಕೊಕ್ಕರೆ ರೋಗದ ವೈರಸ್ಸಿನ ತಳಿಗಳೆಲ್ಲ ಒಂದೇ ಸೀರೋಟೈಪಿಗೆ ಸೇರಿದವು, ಅಂದರೆ ಒಂದರ ವಿರುದ್ಧದ ಪ್ರತಿಕಾಯ ಉಳಿದವನ್ನೂ ಹಿಡಿಯುತ್ತದೆ. ಹಾಗಾಗಿ 1940ರ ದಶಕದ ಲಸೋಟಾ ತಳಿ ಇಂದಿಗೂ ಉಪಯೋಗಕ್ಕೆ ಬರುತ್ತಿದೆ. ಹಕ್ಕಿಜ್ವರದ ವೈರಸ್ ಹಾಗಲ್ಲ. ಅದರ ಜೀನ್‌ಗಳಿರುವ ಆರ್‌ಎನ್‌ಎ 8 ತುಂಡುಗಳಲ್ಲಿದೆ, ನಕಲಾಗುವಾಗ ಬಿದ್ದ ತಪ್ಪನ್ನು ತಿದ್ದುವ ವ್ಯವಸ್ಥೆ ಅದಕ್ಕಿಲ್ಲ. ಒಂದೇ ಕೋಳಿಗೆ ಎರಡು ತಳಿ ಹೊಕ್ಕರೆ ತುಂಡುಗಳೇ ಅದಲುಬದಲಾಗಬಹುದು. ಲಸಿಕೆಯಿಂದ ಹುಟ್ಟುವ ಪ್ರತಿಕಾಯ ಹಿಡಿಯುವುದು ಮುಖ್ಯವಾಗಿ ವೈರಸ್ಸಿನ ಮೇಲ್ಮೈಯಲ್ಲಿರುವ ಎಚ್ ಪ್ರೋಟೀನಿನ ತಲೆಭಾಗವನ್ನು (ಎಚ್5ಎನ್1ನಂಥ ಹೆಸರುಗಳು ಮೇಲ್ಮೈಯ ಎಚ್, ಎನ್ ಪ್ರೋಟೀನುಗಳ ಬಗೆಯನ್ನು ಹೇಳುತ್ತವೆ). ಬದಲಾವಣೆ ಹೆಚ್ಚಾಗಿ ಉಳಿದುಕೊಳ್ಳುವುದೂ ಅಲ್ಲೇ.

ಇದು ಮೊದಲು ಸ್ಪಷ್ಟವಾಗಿ ಕಂಡದ್ದು ಮೆಕ್ಸಿಕೊದಲ್ಲಿ. ಅಲ್ಲಿ 1995ರಲ್ಲಿ ಎಚ್5ಎನ್2 ವಿರುದ್ಧ ಲಸಿಕೆ ಶುರುವಾಯಿತು. ಮಾರಕ ರೂಪ ಬೇಗ ಹತೋಟಿಗೆ ಬಂತು, ಸೌಮ್ಯ ರೂಪ ಮಾತ್ರ ಹಿಂಡುಗಳಲ್ಲಿ ಸುತ್ತುತ್ತಲೇ ಇತ್ತು. ಲಸಿಕೆಗೆ ಬಳಸಿದ್ದು 1994ರ ತಳಿ, ಅದನ್ನು ವರ್ಷಗಟ್ಟಲೆ ಬದಲಿಸಲಿಲ್ಲ. 2004ರಲ್ಲಿ ಪ್ರಕಟವಾದ ಅಧ್ಯಯನ ನೋಡಿದರೆ, ಫಾರಂಗಳ ವೈರಸ್ ಲಸಿಕೆಯ ತಳಿಯಿಂದ ದೂರ ಸರಿದಾಗಿತ್ತು. ಲಸಿಕೆ ಪಡೆದ ಕೋಳಿ ಸಾಯದಿದ್ದರೂ ವೈರಸ್ ಹೊರಹಾಕುವುದು ನಿಲ್ಲಲಿಲ್ಲ.

ಲಸಿಕೆಯೇ ವೈರಸ್ಸನ್ನು ಬದಲಿಸುತ್ತದೆ ಎಂಬ ತಪ್ಪು ತಿಳಿವಳಿಕೆ ಇದೆ. ಹಾಗಲ್ಲ. ಲಸಿಕೆ ಇಲ್ಲದ ಹಿಂಡಿನಲ್ಲೂ ಅದು ಬದಲಾಗುತ್ತದೆ. ಅರೆಬರೆ ರಕ್ಷಣೆ ಇದ್ದಲ್ಲಿ ಪ್ರತಿಕಾಯದ ಕೈಗೆ ಸಿಗದ ರೂಪಗಳೇ ಉಳಿದು ಹಬ್ಬುತ್ತವೆ. ಈಜಿಪ್ಟ್ 2006ರಲ್ಲಿ ಎಚ್5ಎನ್1 ಕಾಣಿಸಿಕೊಂಡ ಬೆನ್ನಿಗೇ ಲಸಿಕೆ ಹಿಡಿಯಿತು. ಮನೆಗಳ ಕೋಳಿಗಳಿಗೆ ಅದು ಸರಿಯಾಗಿ ತಲುಪಲೇ ಇಲ್ಲ, ಲಸಿಕೆ ಹಾಕಿದ ಫಾರಂಗಳಲ್ಲಿ ಹೊಸ ರೂಪಗಳು ಎದ್ದವು. ಚೀನಾದಲ್ಲೂ 2006ರಲ್ಲಿ ಲಸಿಕೆಗೆ ಜಗ್ಗದ ಕವಲು ಬಂತು. ಆದರೆ ಅಲ್ಲಿ ಲಸಿಕೆಯ ತಳಿಯನ್ನೇ ಬದಲಿಸಿದರು, ಮುಂದೆಯೂ ಬದಲಿಸುತ್ತ ಬಂದರು. 2017ರ ಸೆಪ್ಟೆಂಬರಿನಲ್ಲಿ ಎಚ್7ಎನ್9ಗೂ ಸೇರಿಸಿ ಲಸಿಕೆ ಕೊಟ್ಟ ಮೇಲೆ ಮನುಷ್ಯರಿಗೆ ಆ ಸೋಂಕು ತಗಲುವುದು ಬಹುತೇಕ ನಿಂತಿತು. ಲಸಿಕೆ ಸೋಲುತ್ತದೆ ಎನ್ನುವವರು ಈ ಭಾಗವನ್ನು ಬಿಟ್ಟು ಹೇಳುತ್ತಾರೆ, ಅದು ಸರಿಯಲ್ಲ.

ವೈರಸ್ ಲಸಿಕೆಯ ತಳಿಯಿಂದ ಎಷ್ಟು ಸರಿದಿದೆ ಎಂದು ತಿಳಿಯುವ ಎಚ್‌ಐ (ಹೀಮಾಗ್ಲುಟಿನೇಶನ್ ಇನ್‌ಹಿಬಿಷನ್) ಪರೀಕ್ಷೆಯನ್ನು ಹತ್ತಿರದಿಂದ ನೋಡಿದರೆ ವಿಷಯ ಹಿಡಿತಕ್ಕೆ ಬರುತ್ತದೆ. ವೈರಸ್ ಕೆಂಪುರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ, ಪ್ರತಿಕಾಯ ಅದನ್ನು ತಡೆಯುತ್ತದೆ. ಪ್ಲೇಟಿನ ಗುಳಿಗಳಲ್ಲಿ ಕೋಳಿಯ ಸೀರಂ (ರಕ್ತದ ತಿಳಿಭಾಗ) 25 ಮೈಕ್ರೋಲೀಟರ್ ಹಾಕಿ, ಗುಳಿಯಿಂದ ಗುಳಿಗೆ ಅರ್ಧರ್ಧ ತೆಳುವಾಗಿಸುತ್ತಾರೆ. ಅಷ್ಟೇ ಪ್ರಮಾಣದ ವೈರಸ್ ಸೇರಿಸಿ ಸುಮಾರು 30 ನಿಮಿಷ ಬಿಟ್ಟು, ಶೇ 1ರ ಕೋಳಿ ಕೆಂಪುರಕ್ತಕಣ ಹಾಕುತ್ತಾರೆ. ಪ್ರತಿಕಾಯ ಸಾಕಷ್ಟಿದ್ದ ಗುಳಿಯಲ್ಲಿ ಕಣಗಳು ತಳಕ್ಕೆ ಚುಕ್ಕಿಯಾಗಿ ಕೂರುತ್ತವೆ, ಪ್ಲೇಟ್ ಓರೆ ಮಾಡಿದರೆ ಕಣ್ಣೀರಿನಂತೆ ಜಾರುತ್ತವೆ. ಲಸಿಕೆಯ ತಳಿಯೊಂದಿಗೆ 1:256ರವರೆಗೆ (ಅಂದರೆ 256 ಪಟ್ಟು ತೆಳುವಾಗಿಸಿದರೂ) ಕೆಲಸ ಮಾಡುವ ಸೀರಂ, ಹೊರಗಿನ ವೈರಸ್ಸಿನೊಂದಿಗೆ 1:16ಕ್ಕೇ ನಿಂತರೆ ಆ ಲಸಿಕೆಯ ಕಾಲ ಮುಗಿಯಿತೆಂದೇ ಲೆಕ್ಕ. ಹೊಂದುವ ತಳಿಯೊಂದಿಗೆ 1:32 ಬಂದರೆ ಕೋಳಿ ಸಾಯುವುದು ತಪ್ಪುತ್ತದೆ. ವೈರಸ್ ಹೊರಬೀಳುವುದೂ ತಗ್ಗಬೇಕೆಂದರೆ 1:128 ಬೇಕು.

ಭಾರತದಲ್ಲಿ ಹಕ್ಕಿಜ್ವರ ಮೊದಲು ಕಂಡದ್ದು 2006ರ ಫೆಬ್ರುವರಿಯಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. ಕರ್ನಾಟಕದಲ್ಲಿ 2012ರಲ್ಲಿ, ಹೆಸರಘಟ್ಟದಲ್ಲಿ. ನಮ್ಮಲ್ಲಿ ಎಚ್5ಎನ್1ಗೆ ಹಿಡಿದ ದಾರಿ ಕೊಲ್ಲುವುದು: ರೋಗ ದೃಢಪಟ್ಟ ಜಾಗದ ಸುತ್ತ 1 ಕಿ.ಮೀ.ವರೆಗಿನ ಕೋಳಿ ನಾಶ, 10 ಕಿ.ಮೀ.ವರೆಗೆ ನಿಗಾ. ಸೌಮ್ಯ ರೂಪದ ಎಚ್9ಎನ್2 ಮಾತ್ರ ಬೇರೆ. ಅದು ಮೊಟ್ಟೆಯ ಇಳುವರಿ ತಗ್ಗಿಸುತ್ತದೆ, ಇ. ಕೋಲಿ ಬ್ಯಾಕ್ಟೀರಿಯಾ ಜೊತೆಗೂಡಿದರೆ ಕೊಲ್ಲುತ್ತದೆ. ಅದಕ್ಕೆ ಭೋಪಾಲದ ಹೈ ಸೆಕ್ಯುರಿಟಿ ಪ್ರಾಣಿರೋಗ ಸಂಸ್ಥೆ ನಿಷ್ಕ್ರಿಯ (ಸತ್ತ ವೈರಸ್ಸಿನ) ಲಸಿಕೆ ರೂಪಿಸಿ ಕಂಪನಿಗಳಿಗೆ ಕೊಟ್ಟಿದೆ. ಮೆಕ್ಸಿಕೊದ ಪಾಠ ನಮಗೆ ಬೇಕಾಗುವುದು ಇಲ್ಲಿಯೇ: ಲಸಿಕೆ ಹಾಕಿದ ಹಿಂಡಿನಿಂದಲೂ ಮಾದರಿ ತೆಗೆದು ವೈರಸ್ಸಿನ ಜೀನ್ ಓದುತ್ತಿರಬೇಕು, ವೈರಸ್ ಸುತ್ತುತ್ತಿದ್ದರೆ ತಿಳಿಯಲೆಂದು ಹಿಂಡಿನೊಳಗೆ ಲಸಿಕೆ ಹಾಕದ, ಗುರುತು ಮಾಡಿದ ಕೆಲವು ಕೋಳಿ ಬಿಡಬೇಕು.

ಕೆಡುವುದು ಬಹಳ ಸಲ ಸಣ್ಣ ಕೆಲಸದಲ್ಲಿ. ಎಣ್ಣೆ ಬೆರೆತ ಈ ಲಸಿಕೆಯನ್ನು 2ರಿಂದ 8 ಡಿಗ್ರಿಯಲ್ಲಿಡಬೇಕು. ಫ್ರಿಜ್ಜಿನ ಐಸ್ ಖಾನೆಯಲ್ಲಿಟ್ಟು ಹೆಪ್ಪುಗಟ್ಟಿದರೆ ಎಣ್ಣೆ, ನೀರು ಬೇರೆಯಾಗುತ್ತವೆ. ಆ ಬಾಟಲಿ ಬಿಸಾಡಬೇಕು. ಮಳೆಗಾಲದಲ್ಲಿ ಶಿರಸಿಯ ಹಳ್ಳಿಗಳಲ್ಲಿ ದಿನಗಟ್ಟಲೆ ಕರೆಂಟ್ ಇರುವುದಿಲ್ಲ, ಹಾಗಾಗಿ ಬೇಕಾದ ದಿನವೇ ಐಸ್ ಪ್ಯಾಕ್ ಹಾಕಿದ ಡಬ್ಬಿಯಲ್ಲಿ ತರುವುದು ಲೇಸು. ಹಾಕುವ ಮುನ್ನ ಹೊರಗಿಟ್ಟು ತಣುವು ಬಿಡಿಸಿ, ಚೆನ್ನಾಗಿ ಕುಲುಕಿ, ಕಂಪನಿ ಹೇಳಿದ ಡೋಸ್ (ಸಾಮಾನ್ಯವಾಗಿ ದೊಡ್ಡ ಕೋಳಿಗೆ 0.5 ಮಿ.ಲೀ.) ಕತ್ತಿನ ಹಿಂಬದಿ ಚರ್ಮದಡಿ ಕೊಡಬೇಕು. ಸೂಜಿ ಚರ್ಮದ ಆಚೆ ಬದಿಗೆ ತೂರಿದರೆ ಲಸಿಕೆ ಪುಕ್ಕದ ಮೇಲೆ ಹೋಗುತ್ತದೆ, ಕೋಳಿಗೆ ಏನೂ ಸಿಗುವುದಿಲ್ಲ. ಪ್ರತಿಕಾಯ ಬೆಳೆಯಲು 2-3 ವಾರ ಬೇಕು. ಆರು ವಾರಕ್ಕೆ ಮಾರಾಟವಾಗುವ ಬ್ರಾಯ್ಲರ್‌ಗೆ ಇದರ ಲಾಭ ಕಡಿಮೆ.

ಸೋಂದೆಯ ಮುಂಡಿಗೆಕೆರೆ, ಮುಂಡಗೋಡದ ಅತ್ತಿವೇರಿ, ಅಘನಾಶಿನಿ ಅಳಿವೆಯಂಥ ಕಡೆ ನೀರುಹಕ್ಕಿಗಳು ಗುಂಪುಗಟ್ಟುತ್ತವೆ. ಅಲ್ಲಿನ ನೀರು ಕೋಳಿಗೆ ಕುಡಿಸಬೇಡಿ. ಫಾರಮಿನ ಹಸಿ ಗೊಬ್ಬರವನ್ನು ನೇರ ಅಡಿಕೆ ತೋಟಕ್ಕೆ ಸುರಿಯದೆ ಮುಚ್ಚಿಟ್ಟು ಕಾವು ಏರಿಸಿ ಕೊಳೆಸಿ. ಒಟ್ಟೊಟ್ಟಿಗೆ ಕೋಳಿ ಸತ್ತರೆ ಕೊಕ್ಕರೆ ರೋಗವೆಂದು ನೀವೇ ತೀರ್ಮಾನಿಸಿ ಹೊಳೆಗೆ ಎಸೆಯಬೇಡಿ. ಎರಡರ ಲಕ್ಷಣವೂ ಒಂದೇ ಥರ ಇರುತ್ತದೆ, ತಿಳಿಯುವುದು ಪ್ರಯೋಗಾಲಯದಲ್ಲಿ ಮಾತ್ರ. ಬರಿಗೈಯಲ್ಲಿ ಮುಟ್ಟದೆ, ಮಕ್ಕಳನ್ನೂ ನಾಯಿ ಬೆಕ್ಕುಗಳನ್ನೂ ದೂರವಿಟ್ಟು, ಅಂದೇ ಪಶು ಆಸ್ಪತ್ರೆಗೆ ತಿಳಿಸಿ.